ಬೆಂಕಿಯ ತೀರ್ಪು: ಎರೆಸೀಮೆಯ ಸುಣ್ಣ, ಕಪ್ಪತಗುಡ್ಡದ ಚಿನ್ನ ಮತ್ತು ‘ಧಾತು’ವಿನ ಕಲ್ಪನೆ

ಧಾರವಾಡ ಜಿಲ್ಲೆಯ ಶಲವಡಿ, ಅಣ್ಣಿಗೇರಿ, ನವಲಗುಂದದ ಎರೆಸೀಮೆಯಲ್ಲಿ ಬಾವಿ ತೋಡಿದರೆ ಬಹಳ ಕಡೆ ಸಿಗುವುದು ಸವಳು ನೀರು. ಕುಡಿಯುವುದಕ್ಕೆ ಕೆರೆಯ ಸಿಹಿನೀರೇ ಆಸರೆಯಾಗಿತ್ತು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಎರಡೂ ಮಿಶ್ರಣಗಳೇ. ಕುದಿಸಿ ಇಂಗಿಸಿದರೆ ಪಾತ್ರೆಯ ತಳದಲ್ಲಿ ಕರೆ ಉಳಿಯುತ್ತದೆ. ‘ಶುದ್ಧ ವಸ್ತು’ ಎಂಬ ಪಾಠ ಮಕ್ಕಳಿಗೆ ತೊಡಕಾಗುವುದು ಇಲ್ಲಿಯೇ. ಆ ‘ಶುದ್ಧ’ಕ್ಕೂ ಮಡಿಗೂ ಸಂಬಂಧವಿಲ್ಲ, ಕುಡಿಯುವ ಯೋಗ್ಯತೆಗೂ ಇಲ್ಲ. ಅದು ಒಂದೇ ವಸ್ತುವಾಗಿರಬೇಕು, ಅಷ್ಟೇ.

ಒಂದೇ ವಸ್ತು ಎಂದು ತೀರ್ಮಾನಿಸುವವರು ಯಾರು? ಬಹುಕಾಲ ಆ ಅಧಿಕಾರ ಬೆಂಕಿಯ ಕೈಯಲ್ಲಿತ್ತು. ಪ್ರಾಚೀನ ಭಾರತದ ದಾರ್ಶನಿಕರಾದ ವೈಶೇಷಿಕರು ಒಂಬತ್ತು ದ್ರವ್ಯಗಳನ್ನು ಎಣಿಸಿದರು. ಆ ಪರಂಪರೆಯಲ್ಲಿ ಚಿನ್ನ ಸೇರಿದ್ದು ಪೃಥ್ವಿಗಲ್ಲ, ಬೆಂಕಿ-ಬೆಳಕಿನ ದ್ರವ್ಯವಾದ ತೇಜಸ್ಸಿಗೆ: ಎಷ್ಟು ಕಾಸಿದರೂ ಅದರ ದ್ರವತ್ವ ನಾಶವಾಗದು ಎಂಬುದು ಅವರ ವಾದ. ವಾದ ತಪ್ಪಿರಬಹುದು, ಆದರೆ ಹಿಂದಿರುವ ಪರೀಕ್ಷೆ ಅಕ್ಕಸಾಲಿಗನದೇ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರಿಗೂ ಚಿನ್ನ ಬಿಡಿಯಾಗಿಯೇ ದೊರೆಯುತ್ತಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದ.

ಸುಣ್ಣದ ಕಥೆ ಇದಕ್ಕಿಂತ ಜಟಿಲ. ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಹರಳು ಭಟ್ಟಿಯಲ್ಲಿ ಬೆಂದಾಗ ಹಗುರಾಗುತ್ತದೆ. ಅಪ್ಪಟ ಸುಣ್ಣಕಲ್ಲು 100 ಪಾಲಿದ್ದರೆ ಉಳಿಯುವುದು 56 ಪಾಲು. 44 ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಕಣ್ಮರೆ. ಹೊಲದ ಹರಳಿನಲ್ಲಿ ಜೇಡಿಯೂ ಬೆರೆತಿರುವುದರಿಂದ ಈ ಲೆಕ್ಕ ಅಷ್ಟು ನೇರವಾಗಿ ಸಿಗದು. ತೂಕ ಇಳಿದದ್ದನ್ನು ಹೊತ್ತ ಹೆಗಲೇ ಹೇಳುತ್ತದೆ. ಹೋದದ್ದು ಒಂದು ವಸ್ತು ಎಂದು ತೂಗಿ ತೋರಿಸಲು 1756ರಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಬರಬೇಕಾಯಿತು. ಹೀಗೆ ಕಲ್ಲು, ಒಂದಕ್ಕಿಂತ ಹೆಚ್ಚು ವಸ್ತು ಕೂಡಿ ಆದ ಸಂಯುಕ್ತವಾಯಿತು. ಬೆಂದು ಉಳಿದ ಸುಣ್ಣವೂ ಸಂಯುಕ್ತವೇ?

ಬೆಂಕಿ ಒಡೆದದ್ದೆಲ್ಲ ಮೊದಲೇ ಒಳಗಿತ್ತೆಂದು ನಂಬಬೇಡಿ ಎಂದು ರಾಬರ್ಟ್ ಬಾಯ್ಲ್ 1661ರಲ್ಲೇ ತಕರಾರು ಎತ್ತಿದ್ದ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ಬೇರೆ ದಾರಿ ಹಿಡಿದ: ನಮ್ಮ ವಿಶ್ಲೇಷಣೆ ಎಲ್ಲಿ ನಿಲ್ಲುತ್ತದೋ ಅದನ್ನೇ ಸದ್ಯಕ್ಕೆ ಧಾತು ಎನ್ನೋಣ. 1789ರ ಅವನ 33 ಹೆಸರುಗಳ ಪಟ್ಟಿಯಲ್ಲಿ ಚಿನ್ನವಿದೆ, ಸುಣ್ಣವೂ ಇದೆ. ಬೆಳಕು ಮತ್ತು ಉಷ್ಣದ್ರವ್ಯವೂ ಇವೆ; ತೇಜಸ್ಸನ್ನು ದ್ರವ್ಯವೆಂದ ವೈಶೇಷಿಕರನ್ನು ನೋಡಿ ನಗುವವರು ಈ ಪಟ್ಟಿಯನ್ನೂ ಒಮ್ಮೆ ನೋಡಬೇಕು. ಸುಣ್ಣದಂಥ ಮಣ್ಣುಗಳು ಯಾವುದೋ ಲೋಹದ ಆಕ್ಸೈಡುಗಳಿರಬಹುದೆಂಬ ಗುಮಾನಿ ಲವಾಸಿಯೆಗೇ ಇತ್ತು. ಒಡೆಯುವ ಸಾಧನವಿರಲಿಲ್ಲ.

ಭಟ್ಟಿಯ ಬೆಂಕಿಗೆ ಆಗದ್ದು ವಿದ್ಯುತ್ತಿಗೆ ಆಯಿತು. 1808ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಸುಣ್ಣದ ಮೂಲಕ ವಿದ್ಯುತ್ ಹರಿಸಿ, ಹೊರಬಂದ ಲೋಹವನ್ನು ಪಾದರಸದಲ್ಲಿ ಹಿಡಿದು, ಪಾದರಸವನ್ನು ಆವಿಯಾಗಿಸಿ ಕ್ಯಾಲ್ಸಿಯಂ ಪಡೆದ. ಮರಳಿನ ಚಿನ್ನವನ್ನು ಪಾದರಸದಿಂದ ಕೂಡಿಸಿ ಕಾಸಿ ಬಿಡಿಸುವ ಪುರಾತನ ಕಸುಬಿನ ಯುಕ್ತಿಯೇ ಅದು. ಹತ್ತೊಂಬತ್ತು ವರ್ಷ ಧಾತುವಾಗಿದ್ದ ಸುಣ್ಣ ಸಂಯುಕ್ತದ ಸಾಲಿಗೆ ಇಳಿಯಿತು. ಅದೇ ಸುಣ್ಣವನ್ನು ಅರಳಿಸಿ ಗೋಡೆಗೆ ಬಳಿದರೆ, ಭಟ್ಟಿಯಲ್ಲಿ ಕಳೆದುಕೊಂಡ ಅನಿಲವನ್ನು ಗಾಳಿಯಿಂದ ಮೆಲ್ಲಗೆ ಮರಳಿ ಪಡೆದು, ಹೊಲದ ಹರಳಿನಲ್ಲಿದ್ದ ಸಂಯುಕ್ತವೇ ಮತ್ತೆ ಆಗುತ್ತದೆ.