ಕೊಳ್ಳೇಗಾಲದ ಸೀಮೆಯಲ್ಲಿ ವ್ಯಾಯಾಮ ಶಿಕ್ಷಣ

ಇಂದು ಹನೂರು ತಾಲ್ಲೂಕಿಗೆ ಸೇರಿರುವ ಶಾಗ್ಯವೂ ಅದರ ನೆರೆಯ ಗ್ರಾಮಗಳೂ ಹಿಂದೆ ಕೊಳ್ಳೇಗಾಲ ತಾಲ್ಲೂಕಿನವಾಗಿದ್ದವು. ಆ ತಾಲ್ಲೂಕಾದರೋ 1799ರಲ್ಲಿ ಶ್ರೀರಂಗಪಟ್ಟಣವು ಪತನಹೊಂದಿದ ತರುವಾಯ ಆಂಗ್ಲರ ವಶವಾಗಿ, 1956ರ ನವೆಂಬರ್ 1ರ ಪರ್ಯಂತ ಮದರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಯ ಅಂಗವಾಗಿದ್ದಿತು. ಪಕ್ಕದ ಯಳಂದೂರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಗಿ ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ಎರಡು ಕಡೆಯೂ ಒಂದೇ ನುಡಿ, ಒಂದೇ ಮಾದಪ್ಪನ, ಎಂದರೆ ಮಲೆಯ ಮಹದೇಶ್ವರನ, ಒಕ್ಕಲು. ಶಾಲೆಯ ತನಿಖೆಗೆ ಬರುವ ಇನ್‌ಸ್ಪೆಕ್ಟರು ಮಾತ್ರ ಬೇರೆ ಬೇರೆ ಸರ್ಕಾರದವರು.

ಶಾಲೆಗಿಂತ ಮೊದಲು ಮೈಸೂರು ಸೀಮೆಯಲ್ಲಿ ಗರಡಿಯಿದ್ದಿತು. ಕೆಮ್ಮಣ್ಣನ್ನು ಜರಡಿಹಿಡಿದು, ಎಣ್ಣೆ ಅರಿಸಿನಗಳನ್ನು ಬೆರೆಸಿ ಹದಮಾಡಿದ ಮಟ್ಟಿ, ಗೋಡೆಗೊರಗಿಸಿದ ಗದೆ, ಕಲ್ಲುಗುಂಡು, ಮುದ್ಗರ. ಮುಂಜಾವದಲ್ಲಿ ದಂಡ, ಬಸ್ಕಿ, ಸಾಮು. ಎಲ್ಲಕ್ಕೂ ಮಿಗಿಲಾಗಿ, ಶಿಷ್ಯನು ಏನನ್ನು ಉಣ್ಣಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಂಬುದನ್ನೂ ವಿಧಿಸುವ ಉಸ್ತಾದ. ವಿಜಯದಶಮಿಯಂದು ಮೈಸೂರಿನ ಅರಮನೆಯಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವು ಈ ಪರಂಪರೆಯ ರಾಜಮಾನ್ಯ ಶಿಖರವೆನ್ನಬಹುದು.

ಆದರೆ ಕೊಳ್ಳೇಗಾಲ–ಹನೂರು ಪ್ರಾಂತಕ್ಕೆ ತನ್ನದೇ ಆದ ಇನ್ನೊಂದು ಅಂಗಸಾಧನೆಯುಂಟು. ಮಲೆಯ ಮಹದೇಶ್ವರನ ದೀಕ್ಷೆ ಪಡೆದ ಭಕ್ತರಾದ ಗುಡ್ಡರು ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳವನ್ನು ಹಿಡಿದು, ಹುರಿ ಕಟ್ಟಿದ ಚಪ್ಪಟೆ ತಾಳವನ್ನು ಬಲಗೈಯಿಂದ ಬೀಸಿ, ನೆತ್ತಿಯ ಮೇಲೆ, ಬೆನ್ನ ಹಿಂದೆ, ತೊಡೆಯ ಕೆಳಗೆ ಸುತ್ತಿಸಿ, ಹಾಡಿನ ಗತಿ ತಪ್ಪದಂತೆ ಬಟ್ಟಲಿಗೆ ತಾಗಿಸುವ ಬೀಸು ಕಂಸಾಳೆಯನ್ನು ಕಂಡವರು, ಅದನ್ನು ಕೇವಲ ಜಾನಪದ ನೃತ್ಯವೆಂದು ಹೇಳಿ ಸುಮ್ಮನಾಗಲಾರರು. ಕೂತು, ಬಾಗಿ, ಮಲಗಿ, ಒಬ್ಬರ ಹೆಗಲನ್ನು ಮತ್ತೊಬ್ಬರು ಏರಿ ಬೀಸುವಾಗ ಒಬ್ಬನ ಎಚ್ಚರ ತಪ್ಪಿದರೆ ಇನ್ನೊಬ್ಬನ ಹಣೆಗೆ ಕಂಚಿನ ಪೆಟ್ಟು. ಶ್ವಾಸ, ಲಯ, ಸಮತೋಲ, ಪರಸ್ಪರ ವಿಶ್ವಾಸ ಇವೆಲ್ಲವನ್ನೂ ಏಕಕಾಲದಲ್ಲಿ ಕಲಿಸುವ ವ್ಯಾಯಾಮವು ಯಾವ ದೇಶದ ಪಠ್ಯಕ್ರಮದಲ್ಲಿಯೂ ಸುಲಭವಾಗಿ ದೊರೆಯದು.

ಸರ್ಕಾರದ ಶಾಲೆಗೆ ಬಂದುದು ಇವೆರಡೂ ಅಲ್ಲ, ಡ್ರಿಲ್ಲು. 1882ರ ಹಂಟರ್ ಶಿಕ್ಷಣ ಆಯೋಗವು ದೇಶೀಯ ಆಟಗಳಿಗೂ ಕಸರತ್ತಿಗೂ ಡ್ರಿಲ್ಲಿಗೂ ಪ್ರೋತ್ಸಾಹ ಸಲ್ಲಬೇಕೆಂದಿದ್ದರೂ, ಆಚರಣೆಯಲ್ಲಿ ಉಳಿದುದು ಕೊನೆಯದೊಂದೇ. ನಿವೃತ್ತ ಸಿಪಾಯಿಗಳು ಡ್ರಿಲ್ ಮಾಸ್ತರರಾದರು; ಹಳ್ಳಿಯ ಹುಡುಗರು ತಮಗೆ ಅರ್ಥವಾಗದ ಇಂಗ್ಲಿಷ್ ಆಜ್ಞೆಗಳಿಗೆ ಕೈಕಾಲೆತ್ತಿದರು. ಇದರಲ್ಲೊಂದು ವಿನೋದವೂ ಇದೆ: ನಮ್ಮ ಗರಡಿಯ ಮುದ್ಗರವನ್ನು ಆಂಗ್ಲ ಸೇನಾಧಿಕಾರಿಗಳು ಇಲ್ಲಿ ಕಂಡು ಮೆಚ್ಚಿ ಸ್ವದೇಶಕ್ಕೆ ಒಯ್ದರು, ಅಲ್ಲಿ ಅದು ಹಗುರಗೊಂಡು, ನುಣುಪಾಗಿ, ‘ಇಂಡಿಯನ್ ಕ್ಲಬ್’ ಎಂಬ ಹೆಸರು ಪಡೆದು, 1904 ಮತ್ತು 1932ರ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಪರ್ಧೆಯ ವಿಷಯವಾಗಿ, ನಮ್ಮ ಶಾಲೆಗಳಿಗೂ ಪಾಶ್ಚಾತ್ಯ ವ್ಯಾಯಾಮದ ಉಪಕರಣವಾಗಿ ಮರಳಿ ಬಂದಿತು!

1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ತೆರೆದ ಮೇಲೆ ವ್ಯಾಯಾಮಕ್ಕೆ ತರಬೇತು ಪಡೆದ ಉಪಾಧ್ಯಾಯರೆಂಬ ವರ್ಗವೇ ಹುಟ್ಟಿತು. ಆಟವು ದಂಡನೆಯಲ್ಲ, ಶಿಕ್ಷಣದ ಭಾಗ ಎಂಬ ಭಾವನೆಗೆ ಆ ಸಂಸ್ಥೆಯು ದಕ್ಷಿಣ ಭಾರತದಲ್ಲಿ ನೆಲೆಯೊದಗಿಸಿತು. ಅತ್ತ ಬೆಂಗಳೂರಿನಲ್ಲಿ, ‘ಶಾಂತಲಾ’ ಕಾದಂಬರಿಯ ಕರ್ತೃವೂ ಆದ ಕೆ. ವಿ. ಅಯ್ಯರ್ ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ನೂತನ ಕ್ರಮಗಳಿಗೆ ಯೋಗಾಸನ, ಸೂರ್ಯನಮಸ್ಕಾರಗಳನ್ನು ಕೂಡಿಸಿ, ದೇಶೀಯವಾದುದು ಹೀನವಲ್ಲವೆಂಬುದನ್ನು ತೋರಿಸಿದರು. ಸ್ವಾತಂತ್ರ್ಯಾನಂತರ 1954ರ ರಾಷ್ಟ್ರೀಯ ಶಿಸ್ತು ಯೋಜನೆ ಮೊದಲಾದುವು ಬಂದುವು, ಹೋದುವು. ಅವುಗಳ ಕಥೆ ಇಲ್ಲಿ ಬೇಡ.

ಡ್ರಿಲ್ಲನ್ನು ನಿಂದಿಸುವುದು ಸುಲಭ. ಆದರೆ ನ್ಯಾಯವನ್ನು ಮರೆಯಲಾಗದು. ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದಿತು; ಎಷ್ಟೋ ಊರುಗಳಲ್ಲಿ ಜಾತಿಯ ಹೊಸ್ತಿಲೂ ಅಲ್ಲಿದ್ದಿತು. ಕಂಸಾಳೆಯೂ ದೀಕ್ಷೆ ಪಡೆದ ಗುಡ್ಡರ ಸ್ವತ್ತಾಗಿದ್ದಿತು. ಶಾಲೆಯ ಬಯಲಿನ ಸಾಲಿನಲ್ಲಾದರೋ ಎಲ್ಲರ ಮಕ್ಕಳೂ ಎತ್ತರದ ಕ್ರಮದಲ್ಲಿ ನಿಂತರೇ ಹೊರತು ಕುಲದ ಕ್ರಮದಲ್ಲಲ್ಲ. ಕಬಡ್ಡಿಯಲ್ಲಿ ಹಿಡಿಯಬೇಕಾದರೆ ಮುಟ್ಟಲೇಬೇಕು. ಅಸ್ಪೃಶ್ಯತೆಯ ವಿರುದ್ಧ ಹತ್ತು ಉಪನ್ಯಾಸಗಳು ಸಾಧಿಸದುದನ್ನು ಒಂದು ಪಂದ್ಯ ಸಾಧಿಸಬಲ್ಲದು. ಸೋತು ಎದ್ದು ನಿಲ್ಲುವುದು, ನಿಯಮಕ್ಕೆ ತಲೆಬಾಗುವುದು, ದುರ್ಬಲನನ್ನೂ ತನ್ನ ಪಕ್ಷದವನೆಂದು ಕಾಯುವುದು ಇವು ಬೆಳೆಯುವ ಮಗುವಿಗೆ ಬಾಯಿಪಾಠದಿಂದ ಬಾರವು. ಗರಡಿಯಲ್ಲಿ ವಿದ್ಯೆಯಿದ್ದಿತು, ಎಲ್ಲರಿಗೂ ಎಡೆಯಿರಲಿಲ್ಲ. ಡ್ರಿಲ್ಲಿನಲ್ಲಿ ಎಲ್ಲರಿಗೂ ಎಡೆಯಿದ್ದಿತು, ವಿದ್ಯೆ ಕಡಿಮೆ. ಎರಡನ್ನೂ ಕೂಡಿಸುವ ಕಾರ್ಯವು ಇನ್ನೂ ಆಗಬೇಕಾಗಿದೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರತಿಯೊಂದು ಶಾಲೆಗೂ ಆಟದ ಬಯಲಿರಬೇಕೆಂದು ವಿಧಿಸಿತು; ಆದರೆ ಆರರಿಂದ ಎಂಟನೆಯ ತರಗತಿಯ ವರೆಗಿನ ಶಾಲೆಗಳಿಗೆ ಆರೋಗ್ಯ ಮತ್ತು ವ್ಯಾಯಾಮದ ಅರೆಕಾಲಿಕ ಬೋಧಕನನ್ನು ಹೇಳುವಾಗ, ಮಕ್ಕಳ ಸಂಖ್ಯೆಯು ನೂರನ್ನು ಮೀರಿರಬೇಕೆಂಬ ನಿಬಂಧನೆಯನ್ನು ಹೂಡಿತು. ಕಾಡಂಚಿನ ಹಾಡಿಗಳ, ಬೆಟ್ಟದ ತಪ್ಪಲಿನ ಸಣ್ಣ ಶಾಲೆಗಳಲ್ಲಿ ನೂರು ಮಕ್ಕಳನ್ನು ಎಲ್ಲಿಂದ ತರುವುದು? ಕಾಯಿದೆಯು ತಿದ್ದುಪಡಿಯಾಗುವ ಪರ್ಯಂತ ಕಾಯದೆ, ಹನೂರು ಕೊಳ್ಳೇಗಾಲಗಳ ಶಾಲೆಗಳವರು ವಾರಕ್ಕೊಂದು ದಿನ ಊರಿನ ಕಂಸಾಳೆಯವರನ್ನು ಗೌರವಧನಕೊಟ್ಟು ಬಯಲಿಗೆ ಕರೆತರಲಿ. ಗಂಡುಮಕ್ಕಳ ಕೈಗೂ ಹೆಣ್ಣುಮಕ್ಕಳ ಕೈಗೂ ಸಮನಾಗಿ ತಾಳವನ್ನು ಕೊಡಿಸಲಿ.