ಒಂದೇ ಮೇಜಿನ ಊಟ: ಸೇನಾ ಅಕಾಡೆಮಿಗಳ ಭೋಜನ ಶಿಸ್ತಿನ ಚರಿತ್ರೆ

ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನಿಗೆ 2024ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಈ ಸೀಮೆಯಲ್ಲಿ ಊಟಕ್ಕೂ ಒಂದು ಶಿಸ್ತಿದೆ. ಜೈನರು ಸೂರ್ಯ ಮುಳುಗುವ ಮುನ್ನ ಊಟ ಮುಗಿಸುತ್ತಾರೆ. ರಮಝಾನ್ ತಿಂಗಳಲ್ಲಿ ಮುಸ್ಲಿಮರು ಸೂರ್ಯ ಮುಳುಗಿದ ಬಳಿಕವೇ ಖರ್ಜೂರವನ್ನು ಬಾಯಿಗಿಡುತ್ತಾರೆ. ಪಂಕ್ತಿಯಲ್ಲಿ ಕುಳಿತವರು ಎಲ್ಲರಿಗೂ ಬಡಿಸಿ ಆಗುವ ತನಕ ಎಲೆಗೆ ಕೈ ಹಾಕುವುದಿಲ್ಲ. ಉಳಿದವರ ಊಟ ಮುಗಿಯುವ ಮುನ್ನ ಏಳುವುದೂ ಇಲ್ಲ. ಇವೆಲ್ಲ ಒಳ್ಳೆಯ ನಡತೆಗಳೇ. ಆದರೆ ಪಂಕ್ತಿಗೆ ಇನ್ನೊಂದು ಮುಖವೂ ಇದೆ. ಯಾರು ಯಾರ ಜೊತೆ ಕೂರಬಹುದು, ಯಾರನ್ನು ಎಲ್ಲಿ ಎಬ್ಬಿಸಬೇಕು ಎಂಬ ಲೆಕ್ಕಾಚಾರ ಅದು. ಈ ಪ್ರಶ್ನೆಯನ್ನು ನಮ್ಮ ದೇಶದ ಸೈನ್ಯ ಹೇಗೆ ಎದುರಿಸಿತು ಎಂಬುದು ತಿಳಿಯಬೇಕಾದ ಚರಿತ್ರೆ.

1857ಕ್ಕೆ ಮುಂಚಿನ ಬಂಗಾಳ ಸೇನೆಯಲ್ಲಿ ಮೇಲ್ಜಾತಿಯ ಸಿಪಾಯಿಗಳೇ ಹೆಚ್ಚು. ಒಬ್ಬೊಬ್ಬ ಸಿಪಾಯಿಯೂ ತನ್ನ ಒಲೆಯನ್ನು ತಾನೇ ಹೂಡಿ, ತನ್ನ ಅಡುಗೆಯನ್ನು ತಾನೇ ಮಾಡಿಕೊಂಡು ಉಣ್ಣುತ್ತಿದ್ದ. ಯುದ್ಧರಂಗದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡುವವರು ಅನ್ನದ ಮುಂದೆ ಬೇರೆ ಬೇರೆ ಕೂರುತ್ತಿದ್ದರು. ದಂಗೆಯ ಬಳಿಕ ಆಂಗ್ಲರು ಜಾತಿ, ಮತ, ಪ್ರಾಂತ್ಯಗಳ ಲೆಕ್ಕದಲ್ಲೇ ಪಡೆಗಳನ್ನು ಕಟ್ಟಿದರು. ಭಾರತೀಯರು ಒಂದಾಗದಿರುವುದು ಅವರಿಗೂ ಬೇಕಾಗಿತ್ತು.

ಅಧಿಕಾರಿಗಳ ಊಟದ ಮನೆಗೆ ‘ಮೆಸ್’ ಎನ್ನುತ್ತಾರೆ. ಬಡಿಸಿದ ಒಂದು ಪಾಲು ಆಹಾರ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಇದು ಬಂದಿದೆ. ಕ್ರಮೇಣ ಒಟ್ಟಿಗೆ ಕುಳಿತು ಉಣ್ಣುವವರ ಗುಂಪಿಗೂ ಅದೇ ಹೆಸರಾಯಿತು. ನಮ್ಮ ದಸ್ತರ್‌ಖಾನಿನ ಕಲ್ಪನೆಗೆ ಇದು ದೂರದ್ದೇನಲ್ಲ. ಆದರೆ ಬಹುಕಾಲ ಈ ಮೆಸ್ ಬಿಳಿಯರಿಗೆ ಮಾತ್ರ ಮೀಸಲಾಗಿತ್ತು.

ಮೊದಲ ಮಹಾಯುದ್ಧದ ಕೊನೆಗೆ ಬಾಗಿಲು ಸ್ವಲ್ಪ ತೆರೆಯಿತು. 1918ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯಲ್ಲಿ ಭಾರತೀಯರಿಗೆ ವರ್ಷಕ್ಕೆ 10 ಸ್ಥಾನಗಳು ದೊರೆತವು. ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಗಳಾದ ಮೊದಲ ತಂಡದಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪನವರಿದ್ದರು. ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು ಡೆಹ್ರಾಡೂನಿನಲ್ಲಿ 1922ರಲ್ಲಿ ತೆರೆದ ಸೈನಿಕ ಕಾಲೇಜಿನಲ್ಲಿ ಓದಿ ಸ್ಯಾಂಡ್‌ಹರ್ಸ್ಟಿಗೆ ಹೋದರು. ಚಮಚ, ಚೂರಿ, ಮುಳ್ಳುಚಮಚ ಹಿಡಿಯುವ ಬಗೆ, ಊಟಕ್ಕೆ ತೊಡುವ ಉಡುಪು, ಮೇಜಿನ ಮುಂದೆ ಆಡಬಹುದಾದ ಮಾತು ಮತ್ತು ಆಡಬಾರದ ಮಾತು ಇವೆಲ್ಲವೂ ಅವರಿಗೆ ಪಾಠವಾಗಿದ್ದವು. ಇಷ್ಟು ಕಲಿತರೂ ಸಮಾನತೆ ಸಿಗಲಿಲ್ಲ. 1923ರಲ್ಲಿ ಸರಕಾರ ಭಾರತೀಯ ಅಧಿಕಾರಿಗಳನ್ನು ಎಂಟು ಪಡೆಗಳಿಗೆ ಮಾತ್ರ ಸೀಮಿತಗೊಳಿಸಿತು. ಬಿಳಿಯ ಅಧಿಕಾರಿ ಭಾರತೀಯನ ಕೈಕೆಳಗೆ ದುಡಿಯುವ ಸ್ಥಿತಿ ಬರಬಾರದೆಂಬುದೇ ಅದರ ಒಳಗುಟ್ಟಾಗಿತ್ತು. ನಮ್ಮವರ ಪಂಕ್ತಿಭೇದ ಜಾತಿಯದ್ದಾದರೆ, ಅವರದ್ದು ಬಣ್ಣದ್ದು.

1932ರ ಅಕ್ಟೋಬರ್ 1ರಂದು ಡೆಹ್ರಾಡೂನಿನಲ್ಲಿ ಭಾರತೀಯ ಸೇನಾ ಅಕಾಡೆಮಿ ಆರಂಭವಾಯಿತು. ಮೊದಲ ತಂಡದಲ್ಲಿ 40 ಮಂದಿ ಕೆಡೆಟ್‌ಗಳಿದ್ದರು. ಅಮೃತಸರದ ಪಾರ್ಸಿ ಯುವಕ ಸ್ಯಾಮ್ ಮಾಣೆಕ್‌ಶಾ, ಕ್ವೆಟ್ಟಾದ ಹಝಾರಾ ಮುಸ್ಲಿಮ್ ಮುಹಮ್ಮದ್ ಮೂಸಾ, ಬರ್ಮಾದ ಕರೆನ್ ಸಮುದಾಯದ ಸ್ಮಿತ್ ಡನ್ ಆ 40 ಮಂದಿಯಲ್ಲಿ ಸೇರಿದ್ದರು. ಮುಂದೆ ಈ ಮೂವರೂ ಕ್ರಮವಾಗಿ ಭಾರತ, ಪಾಕಿಸ್ತಾನ ಮತ್ತು ಬರ್ಮಾದ ಸೇನೆಗಳ ಮುಖ್ಯಸ್ಥರಾದರು. ಮೂರು ದೇಶಗಳ ಭಾವೀ ಸೇನಾನಿಗಳು ಒಂದೇ ಮೆಸ್ಸಿನ ಅನ್ನ ಉಂಡವರು. ಸಸ್ಯಾಹಾರಿಯ ತಟ್ಟೆಯಲ್ಲಿದ್ದುದು ಬೇರೆ, ಮಾಂಸಾಹಾರಿಯ ತಟ್ಟೆಯಲ್ಲಿದ್ದುದು ಬೇರೆ. ಮೇಜು ಮಾತ್ರ ಒಂದೇ. ಯಾರ ಆಚಾರವನ್ನೂ ಕೆಡಿಸದೆ ಎಲ್ಲರನ್ನೂ ಒಟ್ಟಿಗೆ ಕೂರಿಸಬಹುದು ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕೆ?

ಆ ಅಕಾಡೆಮಿಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದ ಸೇನಾಧಿಪತಿ ಚೆಟ್‌ವುಡ್ ಹೇಳಿದ ಮಾತಿನ ತಿರುಳು ಹೀಗಿತ್ತು: ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನ ಸೈನಿಕರ ಕ್ಷೇಮ, ಎಲ್ಲಕ್ಕೂ ಕೊನೆಗೆ ನಿನ್ನ ಸುಖ. ತನ್ನ ಸೈನಿಕರ ಊಟವಾಯಿತೇ ಎಂದು ನೋಡಿದ ಬಳಿಕವೇ ಅಧಿಕಾರಿ ತಟ್ಟೆಗೆ ಕೈ ಹಾಕಬೇಕೆಂಬ ನಡತೆಯೂ ಇದರೊಳಗೇ ಬರುತ್ತದೆ. ಅತಿಥಿಗಳು ಉಂಡ ಮೇಲೆ ಉಣ್ಣುವ ನಮ್ಮ ಹಳ್ಳಿಯ ಯಜಮಾನನಿಗೂ ಇದು ಗೊತ್ತಿರುವ ವಿಷಯವೇ.

ಹಾಗೆಂದು ಸೇನಾ ಅಕಾಡೆಮಿಗಳ ಊಟದ ಮನೆಗಳೆಲ್ಲ ಸಹೋದರತೆಯ ತಾಣಗಳಾಗಿದ್ದವು ಎಂದಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿಯಲ್ಲಿ ಮೊದಲ ವರ್ಷದವರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ತಟ್ಟೆಯಲ್ಲಿಟ್ಟು, ಹಿರಿಯರಿಗೆ ಬಡಿಸಿ ಉಣ್ಣಬೇಕಿತ್ತು. ಶಿಸ್ತಿನ ಹೆಸರಿನಲ್ಲಿ ಇದು ಹಿಂಸೆಗೂ ತಿರುಗಿತು. 1898ರಲ್ಲಿ ಅಲ್ಲಿ ಸೇರಿದ್ದ ಆಸ್ಕರ್ ಬೂಝ್ ಎಂಬ ಯುವಕನಿಗೆ ಹಿರಿಯರು ಊಟದ ವೇಳೆ ಖಾರದ ಮೆಣಸಿನ ರಸ ಕುಡಿಸಿದರೆಂಬ ಆರೋಪ ಬಂತು. ಕೆಲವೇ ತಿಂಗಳಲ್ಲಿ ಅಕಾಡೆಮಿ ಬಿಟ್ಟ ಆತ 1900ರ ಡಿಸೆಂಬರಿನಲ್ಲಿ ಕ್ಷಯದಿಂದ ತೀರಿಕೊಂಡ. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ಸಾವಿಗೆ ಆ ರಸವೇ ಕಾರಣವೆಂದು ಸಾಬೀತಾಗಲಿಲ್ಲ. ಆದರೆ ಹೊಸಬರನ್ನು ಪೀಡಿಸುವ ಪದ್ಧತಿ ಬಯಲಾಯಿತು, 1901ರಲ್ಲಿ ಅದರ ವಿರುದ್ಧ ಕಾನೂನೂ ಬಂತು. ಹಿರಿಯನಿಗಾಗಿ ಕಾಯುವುದು ಶಿಸ್ತು, ಕಿರಿಯನ ತುತ್ತನ್ನು ಕಸಿಯುವುದು ದರ್ಪ. ಇವೆರಡರ ನಡುವಿನ ಗೆರೆ ಬಹಳ ತೆಳುವಾದುದು.

1947ರ ಆಗಸ್ಟ್‌ನಲ್ಲಿ ದೇಶದೊಂದಿಗೆ ಸೈನ್ಯವೂ ಇಬ್ಭಾಗವಾಯಿತು. ಪಾಕಿಸ್ತಾನಕ್ಕೆ ಹೊರಟ ಅಧಿಕಾರಿಗಳಿಗೆ ದಿಲ್ಲಿಯ ಜಿಮ್‌ಖಾನಾ ಕ್ಲಬ್ಬಿನಲ್ಲಿ ಬೀಳ್ಕೊಡುಗೆ ಕೂಟ ನಡೆಯಿತು. ನಮ್ಮ ಕಾರ್ಯಪ್ಪನವರು ಅಂದು ಅವರಿಗೆ ನೀಡಿದ್ದು ಬಂದೂಕು ಹಿಡಿದು ಜೊತೆಯಾಗಿ ನಿಂತ ಹಿಂದೂ ಮತ್ತು ಮುಸ್ಲಿಮ್ ಸೈನಿಕರ ಬೆಳ್ಳಿಯ ಪ್ರತಿಮೆಯನ್ನು. ಕೆಲವೇ ತಿಂಗಳಲ್ಲಿ ಒಟ್ಟಿಗೆ ಉಂಡವರು ಕಾಶ್ಮೀರದಲ್ಲಿ ಎದುರುಬದುರಾದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇನೆಯನ್ನು ನಡೆಸಿದವರು ಅದೇ ಮುಹಮ್ಮದ್ ಮೂಸಾ. ಒಂದೇ ಮೇಜಿನ ಊಟ ಯುದ್ಧವನ್ನು ತಡೆಯಲಿಲ್ಲ. ಅದನ್ನು ರಾಜಕೀಯವೇ ತಡೆಯಬೇಕು, ಅಡುಗೆಮನೆಯಿಂದ ಅದಾಗದು.

ಆದರೂ ಸ್ವತಂತ್ರ ಭಾರತ ಆ ಮೇಜನ್ನು ಕೈಬಿಡಲಿಲ್ಲ. 1955ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ನೆಲೆಗೊಂಡ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಒಂದೇ ಭೋಜನಶಾಲೆಯಲ್ಲಿ ಸಾವಿರಾರು ಕೆಡೆಟ್‌ಗಳು ಒಟ್ಟಿಗೆ ಉಣ್ಣುತ್ತಾರೆ. 2022ರಿಂದ ಹೆಣ್ಣುಮಕ್ಕಳೂ ಅಲ್ಲಿದ್ದಾರೆ. 2025ರ ಮೇ ತಿಂಗಳಲ್ಲಿ ಅವರ ಮೊದಲ ತಂಡದ 17 ಮಂದಿ ತೇರ್ಗಡೆಯಾದರು. ನಮ್ಮ ರಾಜ್ಯದಲ್ಲೇ ನೋಡುವುದಾದರೆ, 1963ರಲ್ಲಿ ಆರಂಭವಾದ ಬಿಜಾಪುರದ (ಈಗಿನ ವಿಜಯಪುರ) ಸೈನಿಕ ಶಾಲೆಯ ವಸತಿ ನಿಲಯಗಳಲ್ಲಿ ಒಂದರ ಹೆಸರು ಆದಿಲ್‌ಶಾಹಿ, ಇನ್ನೊಂದರ ಹೆಸರು ವಿಜಯನಗರ. 1565ರಲ್ಲಿ ಎದುರಾಳಿಗಳಾಗಿ ಕಾದಾಡಿದ ಎರಡು ರಾಜ್ಯಗಳ ಹೆಸರು ಹೊತ್ತ ಮಕ್ಕಳು ಊಟದ ಗಂಟೆ ಹೊಡೆದಾಗ ಒಂದೇ ಮೆಸ್ಸಿಗೆ ನಡೆಯುತ್ತಾರೆ.

ಬಾಲ್ಯದಲ್ಲಿ ಒಟ್ಟಿಗೆ ಉಂಡವರು ಪರಸ್ಪರರ ಬಗ್ಗೆ ಹಬ್ಬಿಸಿದ ಸುಳ್ಳನ್ನು ಸುಲಭವಾಗಿ ನಂಬುವುದಿಲ್ಲ. ಸೈನ್ಯಕ್ಕೆ ಸಾಧ್ಯವಾದ ಈ ಕೆಲಸ ನಮ್ಮ ಶಾಲೆಗಳಿಗೆ, ಮದುವೆ ಮನೆಗಳಿಗೆ, ಹಬ್ಬದ ಊಟಗಳಿಗೆ ಅಸಾಧ್ಯವಾಗಬೇಕಾಗಿಲ್ಲ. ನೆರೆಯವನ ಆಚಾರಕ್ಕೆ ಒಪ್ಪುವ ಅಡುಗೆ ಮಾಡಿ, ಅವನಿಗಾಗಿ ಪಂಕ್ತಿಯಲ್ಲಿ ಒಂದು ಜಾಗ ಬಿಟ್ಟು ಕಾಯುವುದಷ್ಟೇ ನಾವು ಮಾಡಬೇಕಾಗಿರುವುದು.