ಉಪ್ಪಿನೊಡನೆ ಬೆರೆತ ಔಷಧ

ಹೊಸೂರು ಹೆದ್ದಾರಿಯ ಚಂದಾಪುರದಲ್ಲಿ ಇಂದು ಹಲವು ಸೀಮೆಗಳ ಜನ ಒಂದೇ ಬೀದಿಯಲ್ಲಿ ವಾಸವಾಗಿದ್ದಾರೆ. ಆನೇಕಲ್ ತಾಲ್ಲೂಕಿನ ಮೂಲ ನಿವಾಸಿಗಳ ಮನೆಯಲ್ಲಿ ರಾಗಿಮುದ್ದೆ ಬೇಯುತ್ತಿದ್ದರೆ, ಬೊಮ್ಮಸಂದ್ರದ ಕಾರ್ಖಾನೆಗಳಿಗೆಂದು ಉತ್ತರ ಕರ್ನಾಟಕದಿಂದ ಬಂದವರ ಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳುತ್ತದೆ. ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದ ಕಾರ್ಮಿಕರ ಅಡುಗೆಯೇ ಬೇರೆ. ಆದರೆ ಬಡವ-ಬಲ್ಲಿದರೆನ್ನದೆ ಎಲ್ಲರೂ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬಳಸುವ ವಸ್ತು ಒಂದಿದೆ. ಅದು ಉಪ್ಪು. ಈ ಕಾರಣಕ್ಕಾಗಿಯೇ ಕಳೆದ ಶತಮಾನದ ವೈದ್ಯರು ಒಂದು ದೊಡ್ಡ ಕೊರತೆಯನ್ನು ನೀಗಿಸಲು ಉಪ್ಪನ್ನೇ ವಾಹಕವಾಗಿ ಆರಿಸಿಕೊಂಡರು. ಆ ಕೊರತೆ ಅಯೋಡಿನ್‌ನದು.

ವಯಸ್ಕರಿಗೆ ದಿನಕ್ಕೆ ಬೇಕಾಗುವ ಅಯೋಡಿನ್ ಕೇವಲ 150 ಮೈಕ್ರೋಗ್ರಾಂ. 70 ವರ್ಷಗಳ ಬಾಳಿಗೆ ಲೆಕ್ಕ ಹಾಕಿದರೂ ಅದು 4 ಗ್ರಾಂ ಮುಟ್ಟುವುದಿಲ್ಲ. ಆದರೆ ಈ ಅಲ್ಪಾಂಶವಿಲ್ಲದೆ ಕೊರಳಿನ ಥೈರಾಯ್ಡ್ ಗ್ರಂಥಿ ತನ್ನ ಕೆಲಸವನ್ನು ನಡೆಸಲಾರದು. ಮಳೆಯೂ ಪ್ರವಾಹವೂ ಮಣ್ಣಿನ ಅಯೋಡಿನ್ ಅನ್ನು ತೊಳೆದೊಯ್ದ ಸೀಮೆಗಳಲ್ಲಿ ಬೆಳೆದ ದವಸ-ಧಾನ್ಯಗಳಲ್ಲಿಯೂ ಅದು ಇರುವುದಿಲ್ಲ. ಆಗ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಸುಶ್ರುತ ಸಂಹಿತೆಯಲ್ಲಿಯೇ ಈ ಹೆಸರು ಬಂದಿದೆ ಎಂಬುದು ಗಮನಾರ್ಹ. ಆದರೆ ಕಣ್ಣಿಗೆ ಕಾಣುವ ಕೊರಳಿನ ಬಾವಿಗಿಂತ ಕಾಣದ ಹಾನಿಯೇ ಘೋರವಾದುದು. ತಾಯಿಗೆ ಅಯೋಡಿನ್ ಸಾಲದಿದ್ದರೆ ಗರ್ಭದಲ್ಲಿರುವ ಶಿಶುವಿನ ಮಿದುಳು ಪೂರ್ಣವಾಗಿ ಬೆಳೆಯುವುದಿಲ್ಲ; ಕಿವುಡು, ಬುದ್ಧಿಮಾಂದ್ಯ, ಕುಂಠಿತ ಬೆಳವಣಿಗೆ ಅದರ ಫಲಗಳು. ಹುಟ್ಟಿದ ಮೇಲೆ ಯಾವ ಔಷಧದಿಂದಲೂ ಈ ನಷ್ಟವನ್ನು ಪೂರ್ತಿಯಾಗಿ ತುಂಬಲಾಗದು.

ಸ್ವಿಟ್ಜರ್ಲೆಂಡ್ 1922ರಲ್ಲಿ, ಅಮೆರಿಕದ ಮಿಷಿಗನ್ 1924ರಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಲು ಆರಂಭಿಸಿದವು. ನಮ್ಮ ದೇಶದಲ್ಲಿ ಇದಕ್ಕೆ ಖಚಿತ ಆಧಾರ ದೊರೆತದ್ದು ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ. ನೀಲಗಿರಿಯ ಕೂನೂರಿನ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿ ದುಡಿದಿದ್ದ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಹಾಗೂ ಅವರ ಸಂಗಡಿಗರು 1956ರಲ್ಲಿ ಸುಮಾರು ಒಂದು ಲಕ್ಷ ಜನರಿದ್ದ ಆ ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಹೋಯಿತು. 1962ರ ವೇಳೆಗೆ ಮೊದಲಿನ ಎರಡರಲ್ಲಿ ಗಳಗಂಡ ಸುಮಾರು ಅರ್ಧಕ್ಕಿಳಿದಿತ್ತು. ಸಾದಾ ಉಪ್ಪಿನ ವಲಯದಲ್ಲಿ ಇಳಿದಿರಲಿಲ್ಲ. ಬಳಿಕ ಆ ವಲಯಕ್ಕೂ ಅಯೋಡಿನ್ ಉಪ್ಪನ್ನು ಒದಗಿಸಲಾಯಿತು. ಅಲ್ಲಿಯೂ ರೋಗ ಇಳಿಮುಖವಾಯಿತು.

ಅದೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇದು ಹಿಮಾಲಯದ ಜನರ ರೋಗವೆಂದು ಆಗ ಭಾವಿಸಲಾಗಿತ್ತು. ಮುಂದಿನ ಸಮೀಕ್ಷೆಗಳು ಆ ಭಾವನೆಯನ್ನು ಅಳಿಸಿದವು. ನಮ್ಮ ಮಲೆನಾಡಿನ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿಯೂ ಗಳಗಂಡ ಕಂಡುಬಂದಿತು. 1980ರ ದಶಕದಲ್ಲಿ ದೇಶದ ಆಹಾರದ ಉಪ್ಪಿಗೆಲ್ಲ ಅಯೋಡಿನ್ ಬೆರೆಸುವ ನಿರ್ಧಾರವಾಯಿತು. 1992ರಲ್ಲಿ ಕಾರ್ಯಕ್ರಮಕ್ಕೆ 'ಅಯೋಡಿನ್ ಕೊರತೆಯ ವ್ಯಾಧಿಗಳ ನಿಯಂತ್ರಣ' ಎಂಬ ಹೆಸರು ಬಂದಿತು. ಕೊರಳಿನ ಬಾವು ಮಾತ್ರವಲ್ಲ, ಮಗುವಿನ ಮಿದುಳೂ ಅಪಾಯದಲ್ಲಿದೆ ಎಂಬ ಅರಿವು ಆ ಹೊಸ ಹೆಸರಿನಲ್ಲಿ ಅಡಗಿತ್ತು.

ಆದರೆ ಭಾರತದಲ್ಲಿ ಉಪ್ಪು ಬರಿಯ ಅಡುಗೆಯ ವಸ್ತುವಲ್ಲ, ಸ್ವಾತಂತ್ರ್ಯದ ಕುರುಹೂ ಹೌದು. 1930ರ ಏಪ್ರಿಲ್‌ನಲ್ಲಿ ದಂಡಿಯ ಬೆನ್ನಿಗೇ ನಮ್ಮ ಅಂಕೋಲೆಯಲ್ಲಿಯೂ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಗಿತ್ತು. ಆದುದರಿಂದ 1998ರಲ್ಲಿ ಅಯೋಡಿನ್ ಇಲ್ಲದ ತಿನ್ನುವ ಉಪ್ಪಿನ ಮಾರಾಟವನ್ನು ದೇಶದಾದ್ಯಂತ ನಿಷೇಧಿಸಿದಾಗ ವಿರೋಧ ಎದ್ದುದು ಸಹಜವೇ. ಸಣ್ಣ ಉಪ್ಪು ತಯಾರಕರ ಗತಿಯೇನು, ಏನನ್ನು ತಿನ್ನಬೇಕೆಂದು ಸರ್ಕಾರ ಹೇಳಬಹುದೇ ಎಂಬ ಪ್ರಶ್ನೆಗಳು ಬಂದವು. ಇಂಥ ವಿಷಯದಲ್ಲಿ ಒತ್ತಾಯಕ್ಕಿಂತ ಜನರ ತಿಳಿವಳಿಕೆಯ ಆಯ್ಕೆಯೇ ಲೇಸೆಂದು 2000ದಲ್ಲಿ ಕೇಂದ್ರ ಸರ್ಕಾರ ನಿಷೇಧವನ್ನು ತೆರವುಗೊಳಿಸಿತು.

ಫಲ ಬೇಗನೆ ಕಂಡಿತು. ಸಾಕಷ್ಟು ಅಯೋಡಿನ್ ಇರುವ ಉಪ್ಪನ್ನು ಬಳಸುವ ಮನೆಗಳು 1998-99ರಲ್ಲಿ ನೂರಕ್ಕೆ ಸುಮಾರು 49 ಇದ್ದವು. ಕೆಲವೇ ವರ್ಷಗಳಲ್ಲಿ 30ರ ಆಸುಪಾಸಿಗೆ ಇಳಿದವು. 2005ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ 2006ರ ಮೇ ತಿಂಗಳಿನಿಂದ ನಿಷೇಧ ಮತ್ತೆ ಜಾರಿಗೆ ಬಂದಿತು. ಆಯ್ಕೆಯ ಮಾತು ಘನವಾದುದೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಆಯ್ಕೆಯೇ ಇಲ್ಲದ, ಇನ್ನೂ ಹುಟ್ಟದ ಮಗುವಿತ್ತು ಎಂಬುದನ್ನು ಮರೆಯಲಾಗದು.

2018-19ರ ಭಾರತ ಅಯೋಡಿನ್ ಸಮೀಕ್ಷೆಯ ವೇಳೆಗೆ ಈ ಪ್ರಮಾಣ 76.3ಕ್ಕೇರಿತ್ತು. ಆದರೂ ಚಂದಾಪುರಕ್ಕೆ ಅತಿ ಸಮೀಪದ ನೆರೆರಾಜ್ಯ ತಮಿಳುನಾಡಿನಲ್ಲಿ ಅದು 61.9 ಮಾತ್ರ. ಗಳಗಂಡ ಅಪರೂಪವಾದಂತೆ ಅದನ್ನು ತಡೆದ ಉಪ್ಪಿನ ನೆನಪೂ ಮಾಸುತ್ತದೆ. ಬಂದು ವಾಸಿಯಾದ ಕಾಯಿಲೆಯನ್ನು ನೆನೆಯುವ ನಾವು ಬಾರದೆ ಹೋದ ಕಾಯಿಲೆಯನ್ನು ನೆನೆಯುವುದಿಲ್ಲ.

ಅಯೋಡಿನ್ ಒಂದರಿಂದಲೇ ಎಲ್ಲವೂ ಸರಿಹೋಗುವುದೂ ಇಲ್ಲ. ರಕ್ತದಲ್ಲಿ ಕಬ್ಬಿಣದ ಅಂಶ ಸಾಲದಿದ್ದರೆ ಥೈರಾಯ್ಡ್ ಗ್ರಂಥಿ ಅಯೋಡಿನ್ ಅನ್ನು ಸರಿಯಾಗಿ ಬಳಸಿಕೊಳ್ಳಲಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ; ಆರು ತಿಂಗಳು ತುಂಬಿದ ಮಕ್ಕಳಲ್ಲಿ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ ದಕ್ಷಿಣ ಭಾರತದ ಮಕ್ಕಳಲ್ಲಿ ಕಬ್ಬಿಣ ಮತ್ತು ಅಯೋಡಿನ್ ಎರಡನ್ನೂ ಬೆರೆಸಿದ ಉಪ್ಪಿನ ಪ್ರಯೋಗ ನಡೆಸಿದರು. ಆ ಉಪ್ಪನ್ನು ತಿಂದ ಮಕ್ಕಳಲ್ಲಿ ರಕ್ತಹೀನತೆ ಕಡಿಮೆಯಾಯಿತೆಂದು 2008ರಲ್ಲಿ ಪ್ರಕಟಿಸಿದರು. 1975ರಲ್ಲಿ ತಿ. ನರಸೀಪುರದಿಂದ ರಾಜ್ಯದಲ್ಲಿ ಮೊದಲುಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳೂ, 2002ರಲ್ಲಿ ಆರಂಭವಾದ ಶಾಲೆಯ ಬಿಸಿಯೂಟವೂ ಇದೇ ಹೋರಾಟದ ಅಂಗಗಳು.

ಈ ಇತಿಹಾಸ ಕೊನೆಗೆ ಬಂದು ನಿಲ್ಲುವುದು ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ. ಕೊಳ್ಳುವಾಗ ಪೊಟ್ಟಣದ ಮೇಲೆ ಅಯೋಡಿನ್‌ಯುಕ್ತವೆಂಬ ಗುರುತು ಇದೆಯೇ ಎಂದು ನೋಡುವುದು, ಉಪ್ಪನ್ನು ತೇವ ಮತ್ತು ಬಿಸಿಲು ತಾಗದಂತೆ ಮುಚ್ಚಿಡುವುದು, ಸಾಧ್ಯವಾದಷ್ಟು ಅಡುಗೆಯ ಕೊನೆಯಲ್ಲಿ ಹಾಕುವುದು, ದಿನಕ್ಕೆ 5 ಗ್ರಾಂ ಮೀರದಂತೆ ಮಿತವಾಗಿ ಬಳಸುವುದು ಪ್ರತಿಯೊಂದು ಮನೆಯಲ್ಲಿಯೂ ಸಾಧ್ಯ. ಚಂದಾಪುರದ ಬಾಡಿಗೆ ಕೋಣೆಗಳಲ್ಲಿ ತವರಿನಿಂದ ದೂರವಿರುವ ಎಳೆಯ ಬಸುರಿಯರಿಗೆ ಈ ಮಾತನ್ನು ಹೇಳಲು ಅತ್ತೆಯಾಗಲಿ ತಾಯಿಯಾಗಲಿ ಬಳಿಯಲ್ಲಿರುವುದಿಲ್ಲ. ನೆರೆಮನೆಯವರಾದ ನಾವೇ ಅದನ್ನು ಹೇಳಬೇಕು.